ಸೂಕ್ಷ್ಮ ಕಣಗಳೂ ನಾಳಿನ ಬ್ಯಾಟರಿಯೂ

ಕನ್ನಂಬಾಡಿಯ ಕಟ್ಟೆಯನ್ನು ನೋಡಲು ಹೋದವರು ಬೃಂದಾವನದ ಕಾರಂಜಿಗಳನ್ನು ಕಂಡು ಸಂತೋಷದಿಂದ ಹಿಂತಿರುಗುತ್ತಾರೆ. ಆ ಕಟ್ಟೆಯನ್ನು ಕಟ್ಟಲು ಇದ್ದ ಕಾರಣಗಳಲ್ಲೊಂದನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪ ಬಂತು. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಮೇಲುಗಡೆ ಹಿಡಿದಿಟ್ಟು, ಬೇಕಾದಾಗ ಬೇಕಾದಷ್ಟು ಕೆಳಕ್ಕೆ ಬಿಟ್ಟು, ವರ್ಷವಿಡೀ ಒಂದೇ ಸಮನಾಗಿ ವಿದ್ಯುತ್ತು ದೊರೆಯುವಂತೆ ಮಾಡಬೇಕೆಂಬುದು ವಿಶ್ವೇಶ್ವರಯ್ಯನವರ ಯೋಜನೆಯ ಒಂದು ಮುಖ್ಯ ಅಂಗವಾಗಿತ್ತು. ಆ ಅರ್ಥದಲ್ಲಿ ಕೃಷ್ಣರಾಜಸಾಗರವು ಶಿವನಸಮುದ್ರದ ಸಂಚಯಕೋಶವೇ ಸರಿ.

ನೀರಿಗೆ ಕಟ್ಟೆ ಕಟ್ಟಿದಷ್ಟು ಸುಲಭವಾಗಿ ವಿದ್ಯುತ್ತಿಗೆ ಕಟ್ಟೆ ಕಟ್ಟಲಾಗದು. ಹುಟ್ಟಿದ ಕ್ಷಣದಲ್ಲಿಯೇ ಅದು ಖರ್ಚಾಗಬೇಕು. ಪಾವಗಡದ ಬಯಲಿನಲ್ಲಿ ಎರಡು ಸಾವಿರ ಮೆಗಾವಾಟ್‌ಗೂ ಮಿಗಿಲಾದ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಲ್ಲಿ ವಿದ್ಯುತ್ತು ಉಕ್ಕಿ ಬರುವುದು ನಡುಹಗಲಿನಲ್ಲಿ. ನಮ್ಮ ಮನೆಗಳಲ್ಲಿ ದೀಪ ಹಚ್ಚುವುದು ಸಂಜೆ. ಈ ಆರು ಗಂಟೆಗಳ ಅಂತರವನ್ನು ದಾಟಿಸುವ ದೋಣಿ ಯಾವುದು? ಅದೇ ಬ್ಯಾಟರಿ. ಸಾಮಾನ್ಯ ಗೃಹಸ್ಥನ ಕೈಗೆಟಕುವಂತಹ, ಸುರಕ್ಷಿತವಾದ, ಬಹುಕಾಲ ಬಾಳುವ ಬ್ಯಾಟರಿಯೊಂದು ದೊರೆತರೆ ನಮ್ಮ ಬದುಕಿನ ರೀತಿಯೇ ಬದಲಾಗುತ್ತದೆ. ಅದಕ್ಕಾಗಿ ನಡೆದಿರುವ ಸಂಶೋಧನೆಯಲ್ಲಿ ನಮ್ಮ ನಾಡಿನ ಪಾಲೂ ಇರುವುದರಿಂದ, ಈ ವಿಷಯವನ್ನು ಓದುಗ ಬಂಧುಗಳ ಮುಂದೆ ತುಸು ವಿಸ್ತಾರವಾಗಿಯೇ ಇಡಲು ಬಯಸಿದ್ದೇವೆ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಅದರೊಳಗೆ ಹಾಕುವುದು ‘ಸೆಲ್ಲು’. ನಾವು ಮಠದ ಪಾಠಶಾಲೆಯಲ್ಲಿದ್ದ 1970ರ ದಶಕದಲ್ಲಿ ದೀಪ ಮಂಕಾದ ಸೆಲ್ಲುಗಳನ್ನು ಬಿಸಿಲಿಗೆ ಒಣಹಾಕುವುದು ವಾಡಿಕೆಯಾಗಿತ್ತು. ಬಿಸಿಲುಂಡ ಸೆಲ್ಲು ಇನ್ನೆರಡು ರಾತ್ರಿ ಮಿಣುಕುತ್ತಿದ್ದುದೂ ನಿಜ. ಅದಕ್ಕೆ ಶಕ್ತಿ ತುಂಬಿದ್ದು ಸೂರ್ಯನಲ್ಲ. ಶಾಖದಿಂದ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ, ಅಳಿದುಳಿದ ಶಕ್ತಿ ಹೊರಬರುತ್ತಿತ್ತು, ಅಷ್ಟೆ. ಒಮ್ಮೆ ಬರಿದಾದ ಅಂತಹ ಸೆಲ್ಲನ್ನು ಮತ್ತೆ ತುಂಬಲಾಗದು. ಮತ್ತೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ನಿರ್ಮಿಸಿದನು. ಸೀಸದ ಫಲಕಗಳು, ಗಂಧಕಾಮ್ಲ, ಇವೆರಡೇ ಅದರ ಬಂಡವಾಳ. ಇಂದಿಗೂ ನಮ್ಮ ಮನೆಗಳ ಇನ್ವರ್ಟರಿನ ಅಡಿಯಲ್ಲಿ ಕುಳಿತಿರುವುದು, ಆಗಾಗ ಬಟ್ಟಿಯಿಳಿಸಿದ ನೀರನ್ನು ಬೇಡುವುದು, ಬಹುಪಾಲು ಅದರ ಮೊಮ್ಮಕ್ಕಳೇ.

ಈ ಸೀಸದ ಬ್ಯಾಟರಿಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ಅಗ್ಗ, ನಂಬಿಕಸ್ಥ. ಆದರೆ ಆಯುಸ್ಸು ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ನಾವು ಕೇಳುವುದಿಲ್ಲ. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಯಾವುದೋ ಊರಾಚೆಯ ಶೆಡ್ಡಿನಲ್ಲಿ ಅದನ್ನು ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲು ಒಲೆಯಲ್ಲಿ ಕರಗಿಸುವವರಿದ್ದಾರೆ. ಆ ಹೊಗೆಯ ಸೀಸ ಮಣ್ಣಿಗೆ ಬಿದ್ದು, ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಯೂನಿಸೆಫ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು ಆತಂಕಕಾರಿ ಮಟ್ಟದಲ್ಲಿದೆ. ಅವರಲ್ಲಿ 27 ಕೋಟಿಗೂ ಮಿಕ್ಕವರು ಭಾರತದ ಮಕ್ಕಳು. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಹಳೆಯ ಬ್ಯಾಟರಿಗಳನ್ನು ಹೀಗೆ ಬೇಕಾಬಿಟ್ಟಿಯಾಗಿ ಕರಗಿಸುವುದನ್ನು ಆ ವರದಿ ಮುಖ್ಯ ಕಾರಣಗಳಲ್ಲಿ ಎಣಿಸಿದೆ. ಸೀಸವು ಮಗುವಿನ ಬುದ್ಧಿಯನ್ನು ಕುಗ್ಗಿಸುತ್ತದೆ, ಮತ್ತು ಕುಗ್ಗಿದ್ದು ಮತ್ತೆ ಚಿಗುರುವುದಿಲ್ಲ. ಒಳ್ಳೆಯ ಬ್ಯಾಟರಿಯ ಹುಡುಕಾಟವೆಂಬುದು ವೇಗದ ವಾಹನಕ್ಕಾಗಿ ಮಾತ್ರ ನಡೆದಿರುವ ಹುಡುಕಾಟವಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಲಾಳಿಯಂತೆ ಓಡಾಡುವ ಲಿಥಿಯಂ

ಸೀಸದ ಇನ್ನೊಂದು ದೋಷ ಅದರ ಭಾರ. ಒಂದು ಕಿಲೋಗ್ರಾಂ ಸೀಸದ ಬ್ಯಾಟರಿಯಲ್ಲಿ ನಿಲ್ಲುವುದು 30ರಿಂದ 40 ವಾಟ್-ಗಂಟೆಗಳಷ್ಟು ಶಕ್ತಿ. ಇಂದಿನ ವಿದ್ಯುತ್ ಸ್ಕೂಟರೊಂದಕ್ಕೆ ಬೇಕಾಗುವ ಸುಮಾರು ಮೂರು ಯೂನಿಟ್ಟುಗಳನ್ನು ಸೀಸದಲ್ಲಿ ತುಂಬಲು ಹೊರಟರೆ ಬ್ಯಾಟರಿಯೇ ಎಂಬತ್ತು ಕಿಲೋಗ್ರಾಂ ದಾಟುತ್ತದೆ. ಬೆಂಗಳೂರಿನಲ್ಲಿ 2001ರಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಸೀಸದ ಬ್ಯಾಟರಿಯನ್ನೇ ಹೊತ್ತು, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಧೈರ್ಯದ ಪ್ರಯತ್ನವದು. ಮೈಸೂರಿನಿಂದ ಹೊರಟರೆ ಬೆಂಗಳೂರಿಗೆ ಮುಂಚೆಯೇ ನಿಲ್ಲಬೇಕಾಗಿತ್ತು, ಅಷ್ಟೆ.

ಹಗುರವಾದ ಬ್ಯಾಟರಿ ಬೇಕಾದರೆ ಹಗುರವಾದ ಧಾತು ಬೇಕು. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು ಲಿಥಿಯಂ. 1976ರಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಟೈಟೇನಿಯಂ ಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಹೊಕ್ಕು ಹೊರಬರಬಲ್ಲದೆಂದು ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡನ್ನು ಬಳಸಿ ವಿದ್ಯುದ್ವಿಭವವನ್ನು ನಾಲ್ಕು ವೋಲ್ಟ್‌ಗಳಿಗೆ ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಇನ್ನೊಂದು ತುದಿಗೆ ಇಂಗಾಲವನ್ನಿಟ್ಟು ಬಳಕೆಗೆ ಯೋಗ್ಯವಾದ ಮಾದರಿಯನ್ನು ಸಿದ್ಧಪಡಿಸಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ!

ಅದರ ಕೆಲಸದ ಬಗೆಯನ್ನು ನೇಕಾರರ ಮನೆಯವರು ಸುಲಭವಾಗಿ ತಿಳಿಯಬಲ್ಲರು. ಮಗ್ಗದಲ್ಲಿ ಲಾಳಿಯು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುವಂತೆ ಲಿಥಿಯಂ ಅಯಾನುಗಳು ಧನಾಗ್ರದಿಂದ ಋಣಾಗ್ರಕ್ಕೆ, ಅಲ್ಲಿಂದ ಮತ್ತೆ ಧನಾಗ್ರಕ್ಕೆ ಚಲಿಸುತ್ತವೆ. ಚಾರ್ಜು ಮಾಡುವಾಗ ಒಂದು ದಿಕ್ಕು, ಬಳಸುವಾಗ ಇನ್ನೊಂದು. ಅಯಾನು ಒಳಗಿನ ದ್ರವದ ಮೂಲಕ ಸಾಗಿದರೆ, ಅದರ ಜೊತೆಗಾರನಾದ ಎಲೆಕ್ಟ್ರಾನು ಹೊರಗಿನ ತಂತಿಯ ಮೂಲಕ ಸುತ್ತಿಕೊಂಡು ಬರಬೇಕು. ಆ ಸುತ್ತುದಾರಿಯಲ್ಲಿಯೇ ನಮ್ಮ ದೀಪ ಉರಿಯುವುದು, ಗಾಲಿ ತಿರುಗುವುದು. ಎರಡು ತುದಿಗಳಲ್ಲಿಯೂ ಲಿಥಿಯಂ ಬಂದು ತಂಗಲು ಮನೆಗಳಿರಬೇಕು. ಆ ಮನೆಗಳು ಸಾವಿರಾರು ಬಾರಿ ಅತಿಥಿಗಳು ಬಂದು ಹೋದರೂ ಕುಸಿಯದಂತಿರಬೇಕು.

ಕೋಬಾಲ್ಟಿನ ಮನೆಗೆ ಎರಡು ಕೊರತೆಗಳಿದ್ದವು. ಜಗತ್ತಿಗೆ ಬರುವ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದ್ದು. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆಂಬುದು ಜಗಜ್ಜಾಹೀರಾದ ಸಂಗತಿ. ಎರಡನೆಯದಾಗಿ, ಮಿತಿಮೀರಿ ಕಾದಾಗ ಕೋಬಾಲ್ಟ್ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಉರಿಯುವ ದ್ರವ ಪಕ್ಕದಲ್ಲಿಯೇ ಇರುವಾಗ ಆಮ್ಲಜನಕವೂ ಸೇರಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ನಂಜುಂಡಸ್ವಾಮಿಯವರ ಹೆಸರು

1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಒಂದು ಪ್ರಬಂಧ ಹೊರಬಿತ್ತು. ಅದನ್ನು ಬರೆದವರು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರಿನ ಅರ್ಥವನ್ನು ಕಪಿಲಾ ನದಿಯ ನೀರು ಕುಡಿದ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅದಕ್ಕೂ ಮುಂಚೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಗೋಪಾಲಕೃಷ್ಣನ್ ಅವರೊಡನೆ ಘನವಸ್ತುಗಳ ರಸಾಯನದಲ್ಲಿ ಸಂಶೋಧನೆ ನಡೆಸಿದ್ದವರು. ಆ ಸಂಸ್ಥೆ ನೆಲೆನಿಂತಿರುವ 371 ಎಕರೆ ನೆಲ ಮೈಸೂರು ಸಂಸ್ಥಾನ ಕೊಟ್ಟದ್ದೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಆ ಪ್ರಬಂಧ ಮುಂದಿಟ್ಟ ವಸ್ತು ಲಿಥಿಯಂ ಕಬ್ಬಿಣದ ಫಾಸ್ಫೇಟು. ಕೋಬಾಲ್ಟಿಲ್ಲ, ಕಬ್ಬಿಣ ಮತ್ತು ರಂಜಕ. ಕಬ್ಬಿಣವೆಂದರೆ ಬಾಬಾಬುಡನ್‌ಗಿರಿಯಲ್ಲಿಯೂ ಸಂಡೂರಿನಲ್ಲಿಯೂ ಗುಡ್ಡ ಗುಡ್ಡವೇ ಇರುವ ಧಾತು. ರಂಜಕವೆಂದರೆ ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವಂತಹುದು. ಇದರಲ್ಲಿ ಆಮ್ಲಜನಕವು ರಂಜಕದೊಡನೆ ಎಷ್ಟು ಬಿಗಿಯಾಗಿ ಬೆಸೆದುಕೊಂಡಿದೆಯೆಂದರೆ, ಕಾದರೂ ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಆದುದರಿಂದ ಬೆಂಕಿಯ ಭಯ ಬಹಳ ಕಡಿಮೆ. ಅಗ್ಗ, ಸುರಕ್ಷಿತ, ನಿರಪಾಯ. ಇಷ್ಟಿದ್ದೂ ಮೊದಲಿಗೆ ಯಾರೂ ಇದನ್ನು ಹೆಚ್ಚಾಗಿ ಗಮನಿಸಲಿಲ್ಲ. ಏಕೆಂದರೆ ಅದಕ್ಕೊಂದು ದೊಡ್ಡ ರೋಗವಿತ್ತು: ಅದು ವಿದ್ಯುತ್ತನ್ನು ಒಯ್ಯಲು ಒಲ್ಲದು. ಹೆಚ್ಚುಕಡಿಮೆ ಅವಾಹಕವೆಂದೇ ಹೇಳಬಹುದಾದಷ್ಟು ಸೋಮಾರಿ. ಲಿಥಿಯಂ ಕೂಡ ಅದರೊಳಗೆ ಇಕ್ಕಟ್ಟಾದ ಓಣಿಗಳಲ್ಲಿ, ಒಂದೇ ದಿಕ್ಕಿನಲ್ಲಿ ಸಾಗಬೇಕು. ಓಣಿಯಲ್ಲಿ ಒಂದು ಕಲ್ಲು ಅಡ್ಡವಾದರೂ ಹಿಂದಿನವರೆಲ್ಲ ನಿಂತಂತೆಯೇ. ನಿಧಾನವಾಗಿ ತುಂಬಿದರೆ ಶಕ್ತಿ ನಿಲ್ಲುತ್ತದೆ, ಅವಸರಪಡಿಸಿದರೆ ಇಲ್ಲ.

ಈ ರೋಗಕ್ಕೆ ದೊರೆತ ಔಷಧಿಯೇ ನ್ಯಾನೋ.

ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ವಸ್ತುವನ್ನು ನೂರು ನ್ಯಾನೋಮೀಟರಿಗಿಂತ ಕಿರಿದಾದ ಕಣಗಳಾಗಿಸಿದಾಗ ಅದನ್ನು ನ್ಯಾನೋ ವಸ್ತುವೆನ್ನುತ್ತಾರೆ. ಹೀಗೆ ಕಿರಿದಾಗಿಸಿದರೆ ಲಾಭವೇನು? ಎರಡು ಲೆಕ್ಕಗಳನ್ನು ಮಾಡಿ ನೋಡೋಣ.

ಸಕ್ಕರೆಯ ಅಚ್ಚಿನಷ್ಟು ಗಾತ್ರದ, ಒಂದು ಸೆಂಟಿಮೀಟರ್ ಬದಿಯ ಘನವೊಂದನ್ನು ತೆಗೆದುಕೊಳ್ಳಿರಿ. ಅದರ ಆರು ಮುಖಗಳ ಒಟ್ಟು ವಿಸ್ತಾರ ಆರು ಚದರ ಸೆಂಟಿಮೀಟರ್. ಅದೇ ಘನವನ್ನು ಹತ್ತು ನ್ಯಾನೋಮೀಟರ್ ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದೆವೆಂದು ಭಾವಿಸೋಣ. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಆದರೆ ಮುಖಗಳ ಒಟ್ಟು ವಿಸ್ತಾರ 600 ಚದರ ಮೀಟರ್‌ಗಳಾಗುತ್ತದೆ! ಕುವೆಂಪುನಗರದಲ್ಲಿಯೋ ವಿಜಯನಗರದಲ್ಲಿಯೋ 30×40ರ ನಿವೇಶನಕ್ಕಾಗಿ ಜೀವನವಿಡೀ ದುಡಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ: ಸಕ್ಕರೆಯ ಅಚ್ಚೊಂದರಲ್ಲಿ ಅಂತಹ ಐದು ನಿವೇಶನಗಳಿಗಿಂತಲೂ ಹೆಚ್ಚಿನ ನೆಲ ಅಡಗಿದೆ. ಲಿಥಿಯಂ ಒಳಹೊಗುವ ಬಾಗಿಲುಗಳಿರುವುದು ಈ ಮುಖಗಳ ಮೇಲೆಯೇ.

ಎರಡನೆಯ ಲೆಕ್ಕ ಕಾಲದ್ದು. ಅಯಾನು ಕಣದ ಒಳಗೆ ಹರಡಲು ಬೇಕಾಗುವ ಸಮಯವು ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ದಾರಿ ಹತ್ತರಲ್ಲೊಂದು ಪಾಲಾದರೆ ಕಾಲವು ನೂರರಲ್ಲೊಂದು ಪಾಲಾಗುತ್ತದೆ. ಒಂದು ಸಾವಿರ ನ್ಯಾನೋಮೀಟರಿನ ಕಣದ ನಡುವನ್ನು ಮುಟ್ಟಲು ಅಯಾನಿಗೆ ಹತ್ತು ಗಂಟೆ ಹಿಡಿಯುವುದಾದರೆ, ನೂರು ನ್ಯಾನೋಮೀಟರಿನ ಕಣದಲ್ಲಿ ಅದೇ ಕೆಲಸ ಆರು ನಿಮಿಷಗಳಲ್ಲಿ ಮುಗಿಯಬೇಕು. ಓಣಿಯ ಇಕ್ಕಟ್ಟು ಹಾಗೆಯೇ ಇದೆ. ಓಣಿ ಮಾತ್ರ ಕಿರಿದಾಯಿತು. ಓಣಿ ಕಿರಿದಾದಂತೆ ಅದರಲ್ಲಿ ಅಡ್ಡಗಲ್ಲು ಸಿಕ್ಕುವ ಸಂಭವವೂ ಕಡಿಮೆಯಾಗುತ್ತದೆ.

ಉಳಿದದ್ದು ಎಲೆಕ್ಟ್ರಾನಿನ ತೊಂದರೆ. ಅದಕ್ಕೆ ಪ್ರತಿಯೊಂದು ಕಣಕ್ಕೂ ಇಂಗಾಲದ ತೆಳುವಾದ ಹೊದಿಕೆಯನ್ನು ಹೊದಿಸಿದರು. ಮಿಷೆಲ್ ಆರ್ಮಾಂ ಮತ್ತು ಅವರ ಸಂಗಡಿಗರು 1999ರ ವೇಳೆಗೆ ಈ ಉಪಾಯವನ್ನು ಮುಂದಿಟ್ಟರು. ಸಕ್ಕರೆಯಂತಹ ವಸ್ತುವನ್ನು ಬೆರೆಸಿ, ಗಾಳಿಯಾಡದಂತೆ ಕಾಯಿಸಿದರೆ ಸಕ್ಕರೆ ಕರಿಕಾಗಿ ಕಣದ ಸುತ್ತ ಅಂಟಿಕೊಳ್ಳುತ್ತದೆ. ಬಾಣಲೆಯಲ್ಲಿ ಪಾಕ ಸೀದು ಹಿಡಿದುಕೊಳ್ಳುವುದನ್ನು ಕಂಡ ಗೃಹಿಣಿಯರಿಗೆ ಇದು ಹೊಸದಲ್ಲ. ಸೋಮಾರಿಯಾದ ಫಾಸ್ಫೇಟು ಹೀಗೆ ಚುರುಕಾಯಿತು. ಇಂದು ಚೀನಾದೇಶದಲ್ಲಿ ತಯಾರಾಗುವ ವಿದ್ಯುತ್ ವಾಹನಗಳಲ್ಲಿ ಬಹುಪಾಲು ಇದನ್ನೇ ಬಳಸುತ್ತವೆ. ನಮ್ಮ ದೇಶದಲ್ಲಿ ಮಾರಾಟವಾಗುವ ವಾಹನಗಳಲ್ಲಿಯೂ, ಮನೆಯ ಹೊಸ ಬಗೆಯ ಇನ್ವರ್ಟರುಗಳಲ್ಲಿಯೂ ಅದು ಬಂದಿದೆ.

ಇಲ್ಲಿ ಒಂದು ಉಪಪ್ರಶ್ನೆ. ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತೇ ಎಂದು ಸಭೆಗಳಲ್ಲಿ ನಮ್ಮನ್ನು ಕೇಳುವವರಿದ್ದಾರೆ. ರಸಶಾಸ್ತ್ರದ ಗ್ರಂಥಗಳಲ್ಲಿ ಲೋಹಭಸ್ಮಗಳ ಸೂಕ್ಷ್ಮತೆಯನ್ನು ಪರೀಕ್ಷಿಸುವ ಕ್ರಮಗಳು ಇರುವುದು ನಿಜ. ಬೆರಳಿನ ರೇಖೆಗಳೊಳಗೆ ಭಸ್ಮವು ತುಂಬಿ ನಿಂತರೆ ಅದು ರೇಖಾಪೂರ್ಣ. ನಿಂತ ನೀರಿನ ಮೇಲೆ ತೇಲಿದರೆ ವಾರಿತರ. ಮತ್ತೆ ಮತ್ತೆ ಅರೆದು ಪುಟವಿಟ್ಟು ಲೋಹವನ್ನು ಅಷ್ಟು ನಯವಾಗಿಸಿದ ಆ ಕೈಗಳ ತಾಳ್ಮೆಗೆ ನಮಸ್ಕರಿಸೋಣ. ಕಣವು ಕಿರಿದಾದಂತೆ ವಸ್ತುವಿನ ನಡತೆ ಬದಲಾಗುತ್ತದೆಂಬ ಅನುಭವ ಅವರಿಗಿತ್ತು. ಆದರೆ ಬೆರಳಿನಿಂದ ಅಳೆದುದಕ್ಕೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅಳೆದುದಕ್ಕೂ ಅಂತರವಿದೆ. ಬ್ಯಾಟರಿಯು ಶಾಸ್ತ್ರಗಳಲ್ಲಿತ್ತೆಂದು ಹೇಳುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ ಎಂಬುದು ನಮ್ಮ ಅಭಿಪ್ರಾಯ.

ನ್ಯಾನೋ ಎಂಬುದು ಸರ್ವರೋಗಕ್ಕೂ ಮದ್ದಲ್ಲವೆಂಬುದನ್ನೂ ಹೇಳಬೇಕು. ಬಾಗಿಲು ಹೆಚ್ಚಾದ ಮನೆಗೆ ಬೇಡದವರೂ ಹೊಗುತ್ತಾರೆ. ಕಣದ ಮೈ ಹಿಗ್ಗಿದಷ್ಟೂ ಒಳಗಿನ ದ್ರವದೊಡನೆ ಅನಗತ್ಯ ಕ್ರಿಯೆಗಳು ಹೆಚ್ಚಿ, ಲಿಥಿಯಂ ವ್ಯರ್ಥವಾಗುತ್ತದೆ. ನಯವಾದ ಪುಡಿ ಅರಳಿ ಅಳ್ಳಕವಾಗಿ ಕುಳಿತುಕೊಳ್ಳುವುದರಿಂದ ಅದೇ ಪಾತ್ರೆಯಲ್ಲಿ ಕಡಿಮೆ ವಸ್ತು ಹಿಡಿಯುತ್ತದೆ. ತಯಾರಿಕೆಯ ಖರ್ಚೂ ಹೆಚ್ಚು. ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಆ ಧೂಳು ಸೇರದಂತೆ ಎಚ್ಚರ ವಹಿಸಬೇಕು. ಆದುದರಿಂದ ಇಂದಿನ ತಯಾರಕರು ನ್ಯಾನೋ ಕಣಗಳನ್ನು ಒಟ್ಟುಗೂಡಿಸಿ, ಸಾವಿಗೆಯ ಉಂಡೆಯಂತೆ ದೊಡ್ಡ ಗುಂಡುಗಳಾಗಿ ಕಟ್ಟುತ್ತಾರೆ. ಒಳಗೆ ಸೂಕ್ಷ್ಮ, ಹೊರಗೆ ಸ್ಥೂಲ.

ಋಣಾಗ್ರದ ಕಡೆಯ ಕಥೆ ಇನ್ನೂ ಮುಗಿದಿಲ್ಲ. ಅಲ್ಲಿ ಈಗ ಬಳಕೆಯಲ್ಲಿರುವುದು ಗ್ರಾಫೈಟು. ಅದರ ಒಂದು ಗ್ರಾಮಿನ ಧಾರಣಶಕ್ತಿ 372 ಮಿಲಿಆಂಪಿಯರ್-ಗಂಟೆ. ಸಿಲಿಕಾನ್ ಬಳಸಿದರೆ ಅದು 3,500ನ್ನು ಮೀರಬಲ್ಲದು. ಮರಳಿನಲ್ಲಿರುವ ಸಿಲಿಕಾನಿಗೆ ಬರವೇ? ಆದರೆ ಲಿಥಿಯಂ ಹೀರಿದ ಸಿಲಿಕಾನ್, ಎಣ್ಣೆಗೆ ಬಿದ್ದ ಹಪ್ಪಳ ಸಂಡಿಗೆಗಳಂತೆ ಉಬ್ಬಿ ಮೂರುಪಟ್ಟಿಗೂ ಹೆಚ್ಚಾಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಕೆಲವೇ ಸಲ ಹೀಗಾದರೆ ಬಿರಿದು ಪುಡಿಯಾಗುತ್ತದೆ. 2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯೀ ಕುಯ್ ಅವರ ತಂಡ ಸಿಲಿಕಾನನ್ನು ನ್ಯಾನೋ ಎಳೆಗಳಾಗಿ ಬೆಳೆಸಿ ನೋಡಿತು. ಎಳೆಗಳ ನಡುವೆ ತೆರವಿದ್ದುದರಿಂದ ಅವು ಉಬ್ಬಿದರೂ ಒಡೆಯಲಿಲ್ಲ. ಸಿಲಿಕಾನ್ ಕಣವು ಸುಮಾರು 150 ನ್ಯಾನೋಮೀಟರಿಗಿಂತ ಕಿರಿದಾಗಿದ್ದರೆ ಬಿರುಕು ಬಿಡುವುದಿಲ್ಲವೆಂದು ಮುಂದೆ ತಿಳಿದುಬಂತು. ಗ್ರಾಫೈಟಿಗೆ ಸ್ವಲ್ಪ ಸಿಲಿಕಾನ್ ಬೆರೆಸುವ ಪದ್ಧತಿ ಈಗಾಗಲೇ ಇದೆ. ಪೂರ್ತಿ ಸಿಲಿಕಾನಿನದು ಇನ್ನೂ ಮನೆಮನೆಗೆ ಬಂದಿಲ್ಲ.

ಉಪ್ಪಿನ ಬ್ಯಾಟರಿ

ಲಿಥಿಯಂ ಎಲ್ಲ ದೇಶಗಳಲ್ಲಿಯೂ ಸಿಕ್ಕುವ ವಸ್ತುವಲ್ಲ. ಸೋಡಿಯಂ ಹಾಗಲ್ಲ. ಅಡುಗೆಯ ಉಪ್ಪಿನಲ್ಲಿರುವುದು ಸೋಡಿಯಂ. ಸಮುದ್ರ ಬತ್ತುವವರೆಗೂ ಅದಕ್ಕೆ ಕೊರತೆಯಿಲ್ಲ. ಲಿಥಿಯಂ ಮಾಡುವ ಲಾಳಿಯ ಕೆಲಸವನ್ನು ಸೋಡಿಯಂ ಕೂಡ ಮಾಡಬಲ್ಲದು. ಆದರೆ ಅದರ ಅಯಾನು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಮೂರುಪಟ್ಟಿಗೂ ಮಿಗಿಲು. ಲಿಥಿಯಂ ಸಲೀಸಾಗಿ ನುಸುಳುವ ಗ್ರಾಫೈಟಿನ ಪದರಗಳಲ್ಲಿ ಸೋಡಿಯಂ ತೂರಲಾರದು. ಅದಕ್ಕೆ ವಿಶಾಲವಾದ ಪಡಸಾಲೆಗಳುಳ್ಳ ಮನೆ ಬೇಕು.

ಅಂತಹ ಮನೆಯೊಂದರ ನಕ್ಷೆಯನ್ನು 1976ರಲ್ಲಿಯೇ ಗುಡ್‌ಇನಫ್, ಹಾಂಗ್ ಮತ್ತು ಕಫಾಲಸ್ ಎಂಬವರು ಬರೆದಿದ್ದರು. ಅದರ ಹೆಸರು ‘ನಾಸಿಕಾನ್’. ನಾಸಿಕಕ್ಕೂ ಇದಕ್ಕೂ ಸಂಬಂಧವಿಲ್ಲ; ಸೋಡಿಯಂ ಅಯಾನುಗಳನ್ನು ಅತಿಸುಲಭವಾಗಿ ಹಾಯಿಸುವ ವಸ್ತುವೆಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರದು. 1992ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪಾಲಕೃಷ್ಣನ್ ಮತ್ತು ಕಸ್ತೂರಿ ರಂಗನ್ ಅವರು ಈ ಬಗೆಯ ಸೋಡಿಯಂ ವೆನೇಡಿಯಂ ಫಾಸ್ಫೇಟಿನಿಂದ ಸೋಡಿಯಂ ಅನ್ನು ಪೂರ್ತಿಯಾಗಿ ಹೊರತೆಗೆದರೂ ಮನೆಯ ಗೋಡೆಗಳು ನಿಂತೇ ಇರುತ್ತವೆಂದು ತೋರಿಸಿದರು. ಬ್ಯಾಟರಿಯ ದೃಷ್ಟಿಯಿಂದ ಅದು ಎಷ್ಟು ಮಹತ್ವದ ಸಂಗತಿಯೆಂಬುದು ಬಹುಮಂದಿಗೆ ಅರಿವಾದದ್ದು ಅನಂತರದ ವರ್ಷಗಳಲ್ಲಿ.

ಇನ್ನು 2025ರ ಮೇ ತಿಂಗಳ ಸುದ್ದಿಗೆ ಬರೋಣ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ, ಅದೇ ನಾಸಿಕಾನ್ ಮನೆತನದ ವಸ್ತುವೊಂದನ್ನು ಋಣಾಗ್ರವನ್ನಾಗಿಸಿ, ಅತಿವೇಗವಾಗಿ ತುಂಬುವ ಸೋಡಿಯಂ ಬ್ಯಾಟರಿಯನ್ನು ರೂಪಿಸಿರುವುದಾಗಿ ಪ್ರಕಟಿಸಿತು. ಸೋಡಿಯಂ, ವೆನೇಡಿಯಂ, ಅಲ್ಯೂಮಿನಿಯಂ, ನಯೋಬಿಯಂಗಳ ಫಾಸ್ಫೇಟು ಅದು. ಅವರು ಮಾಡಿದ ಸುಧಾರಣೆಗಳು ಮೂರು: ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿದ್ದು, ಅವುಗಳಿಗೆ ಇಂಗಾಲವನ್ನು ಹೊದಿಸಿದ್ದು, ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದ್ದು. ಮೊದಲ ಎರಡು ಉಪಾಯಗಳು ಓದುಗರಿಗೆ ಆಗಲೇ ಪರಿಚಿತವಾಗಿವೆ. ಆರು ನಿಮಿಷಗಳಲ್ಲಿ ನೂರಕ್ಕೆ ಎಂಬತ್ತು ಭಾಗ ತುಂಬುವ, ಮೂರು ಸಾವಿರಕ್ಕೂ ಹೆಚ್ಚು ಬಾರಿ ತುಂಬಿ ಬರಿದುಮಾಡಬಹುದಾದ ಬ್ಯಾಟರಿಯೆಂದು ಆ ಪ್ರಕಟಣೆ ತಿಳಿಸುತ್ತದೆ. ದಿನಕ್ಕೊಮ್ಮೆ ತುಂಬಿದರೆ ಎಂಟು ವರ್ಷಗಳ ಬಾಳಿಕೆಯಾಯಿತು.

ಈ ಕೇಂದ್ರವು 1989ರಲ್ಲಿ ಸ್ಥಾಪನೆಯಾದದ್ದು ಸಿ. ಎನ್. ಆರ್. ರಾವ್ ಅವರ ಮುಂದಾಳುತನದಲ್ಲಿ. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದವರು ಅವರು. ನ್ಯಾನೋ ವಸ್ತುಗಳ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಭದ್ರ ತಳಹದಿ ಹಾಕಿದವರು. ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾದಾಗ ಮಾನಸಗಂಗೋತ್ರಿಯ ಹಳೆಯ ಅಧ್ಯಾಪಕರು ಹೆಮ್ಮೆಪಟ್ಟದ್ದು ಸಹಜವೇ ಆಗಿತ್ತು.

ಆದರೆ ಪ್ರಯೋಗಾಲಯದ ನಾಣ್ಯದಷ್ಟು ಪುಟ್ಟ ಕೋಶದಲ್ಲಿ ಸಾಧಿಸಿದ್ದು ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ತಯಾರಾಗಲು ಹಲವು ವರ್ಷಗಳೇ ಹಿಡಿಯುತ್ತವೆ. 1997ರ ಫಾಸ್ಫೇಟು ರಸ್ತೆಗಳನ್ನು ತುಂಬಲು ಎರಡು ದಶಕಗಳು ಬೇಕಾದವು. ಸೋಡಿಯಂ ಬ್ಯಾಟರಿಯು ಅದೇ ತೂಕದ ಲಿಥಿಯಂ ಬ್ಯಾಟರಿಗಿಂತ ಸಾಮಾನ್ಯವಾಗಿ ಕಡಿಮೆ ಶಕ್ತಿಯನ್ನು ಹಿಡಿಯುತ್ತದೆಂಬುದನ್ನೂ ಮರೆಯಬಾರದು. ಹೊಲದ ಮೂಲೆಯಲ್ಲಿ ನಿಂತಿರುವ, ಸೌರಫಲಕದ ವಿದ್ಯುತ್ತನ್ನು ರಾತ್ರಿಯ ಪಂಪ್‌ಸೆಟ್ಟಿಗೆ ಕೂಡಿಡುವ ಬ್ಯಾಟರಿಗೆ ಭಾರವೊಂದು ದೋಷವಲ್ಲ. ನಡುರಾತ್ರಿಯ ಕರೆಂಟಿಗಾಗಿ ಎದ್ದು, ಹಾವಿನ ಹುತ್ತಗಳ ನಡುವೆ ಹಾದು ಮೋಟಾರು ಹಾಕಲು ಹೋಗುವ ರೈತನ ಮನೆಯವರಿಗೆ ಅದು ಎಂದು ಬಂದೀತೆಂಬುದೇ ಮುಖ್ಯ.

ಮನೆಯವರ ಪ್ರಶ್ನೆಗಳು

ಪರಿಚಿತ ಕುಟುಂಬಗಳಲ್ಲಿ ನಮಗೆ ಎದುರಾಗುವ ಪ್ರಶ್ನೆಗಳು ಇಷ್ಟು ದೂರದವಲ್ಲ. ಮಗನೋ ಸೊಸೆಯೋ ವಿದ್ಯುತ್ ಸ್ಕೂಟರ್ ಕೊಳ್ಳಬೇಕೆನ್ನುತ್ತಾರೆ. ಹಿರಿಯರು ಬೆಂಕಿಗೆ ಅಂಜುತ್ತಾರೆ. ಇಬ್ಬರನ್ನೂ ತಪ್ಪೆನ್ನಲಾಗದು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದು ಪ್ರಾಣಹಾನಿಯೂ ಆಯಿತು. ಆಮೇಲೆ ಕೇಂದ್ರ ಸರ್ಕಾರ ಎ.ಐ.ಎಸ್. 156 ಎಂಬ ಸುರಕ್ಷತಾ ನಿಯಮವನ್ನು ತಿದ್ದಿ ಬಿಗಿಗೊಳಿಸಿತು. ಕೊಳ್ಳುವವರು ಬ್ಯಾಟರಿಯ ಒಳಗಿರುವುದು ಯಾವ ವಸ್ತುವೆಂದು ಅಂಗಡಿಯವರನ್ನು ಕೇಳಿರಿ. ಆ ನಿಯಮದ ಪರೀಕ್ಷೆಯನ್ನು ದಾಟಿದೆಯೇ ಎಂದೂ ಕೇಳಿರಿ. ಕೇಳುವುದರಲ್ಲಿ ಸಂಕೋಚವೇಕೆ? ಸೀರೆ ಕೊಳ್ಳುವಾಗ ಜರಿ ಯಾವುದೆಂದು ಕೇಳುವುದಿಲ್ಲವೆ?

ಬೆಟ್ಟ ಹತ್ತೀತೇ ಎಂಬುದು ಮೈಸೂರಿಗರ ವಿಶೇಷ ಪ್ರಶ್ನೆ. ಚಾಮುಂಡಿಬೆಟ್ಟವು ನಗರದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಗಂಡ ಹೆಂಡಿರೂ ಸ್ಕೂಟರೂ ಸೇರಿ 250 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವುದು ಒಂದು ಯೂನಿಟ್ಟಿನ ಐದನೆಯ ಒಂದು ಭಾಗ ಮಾತ್ರ. ಗಾಳಿ, ಗಾಲಿಗಳ ತಡೆಯನ್ನು ಸೇರಿಸಿ ಅದರ ಎರಡರಷ್ಟೆಂದರೂ ಮೂರು ಯೂನಿಟ್ಟಿನ ಬ್ಯಾಟರಿಗೆ ಅದು ಹೊರೆಯಲ್ಲ. ಇಳಿಯುವಾಗ ಮೋಟಾರೇ ಜನಿತ್ರವಾಗಿ ಸ್ವಲ್ಪವನ್ನು ಹಿಂತಿರುಗಿಸುವ ಏರ್ಪಾಡೂ ಕೆಲವು ವಾಹನಗಳಲ್ಲಿದೆ.

ವಾಹನದೊಡನೆ ಕೊಟ್ಟ ಚಾರ್ಜರನ್ನೇ ಬಳಸಿರಿ. ಬಿಸಿಲಿನಲ್ಲಿ ಓಡಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ತುಸು ಆರಲು ಬಿಡಿರಿ. ಮಹಡಿಯ ಮೆಟ್ಟಿಲಿನ ಅಡಿಯಲ್ಲಿ, ಹೊರಹೋಗುವ ಒಂದೇ ದಾರಿಯಲ್ಲಿ ಇಟ್ಟು ರಾತ್ರಿಯಿಡೀ ತುಂಬಬೇಡಿರಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿರಿ. ಮಕ್ಕಳ ಕೈಗೆ ಕೊಡಬೇಡಿರಿ. ಹಳೆಯ ಬ್ಯಾಟರಿ ಯಾವುದೇ ಆಗಲಿ, ಅದನ್ನು ಮನೆಯ ಕಸದೊಡನೆ ಬೆರೆಸದೆ, ಸಂಗ್ರಹಿಸುವ ಅಧಿಕೃತ ವ್ಯವಸ್ಥೆಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಅವುಗಳನ್ನು ಹಿಂತೆಗೆದುಕೊಂಡು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ರಸೀದಿ ಪಡೆಯಿರಿ. ಗುಜರಿಯವನು ಕೊಡುವ ಇನ್ನೂರು ಮುನ್ನೂರು ರೂಪಾಯಿಯ ಆಸೆಗೆ ಯಾರದೋ ಮಗುವಿನ ರಕ್ತಕ್ಕೆ ಸೀಸ ಸೇರುವುದು ಬೇಡ.

ಕೊನೆಯದಾಗಿ, ನೆರೆಯ ಮಂಡ್ಯ ಜಿಲ್ಲೆಯ ವಿಚಾರ. ಅಲ್ಲಿನ ಮರ್ಲಗಲ್ಲ ಮತ್ತು ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಶಿಲೆಗಳಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಲಿಥಿಯಂ ಗುರುತಿಸಿದ್ದಾರೆ. 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಸಂಭ್ರಮಿಸಿದವು. ಸರ್ಕಾರವು ಅನಂತರ ಸಂಸತ್ತಿನಲ್ಲಿ ನೀಡಿದ ಲೆಕ್ಕ 1,600 ಟನ್. ಅದೂ ‘ಊಹಿತ’ ವರ್ಗದ್ದು. ಮೇಲ್ಮೈಯನ್ನೂ ಕೆಲವೇ ಕೊರೆತಗಳನ್ನೂ ನೋಡಿ ಅಂದಾಜಿಸಿದ ಮೊತ್ತವದು. ಅಗೆದು ಲಾಭ ಗಳಿಸಬಹುದೆಂದು ಸಿದ್ಧವಾದ ನಿಕ್ಷೇಪವಲ್ಲ. ಅಷ್ಟರೊಳಗೆ ತಮ್ಮ ಜಮೀನಿನ ಬೆಲೆ ಏರುತ್ತದೆಂದು ನಂಬಿದವರೂ, ಜಮೀನೇ ಹೋದೀತೆಂದು ನಿದ್ರೆಗೆಟ್ಟವರೂ ಆ ಸೀಮೆಯಲ್ಲಿದ್ದರೆ ಆಶ್ಚರ್ಯವಿಲ್ಲ. ಬಂಡೆಯಿಂದ ಲಿಥಿಯಂ ಬಿಡಿಸಲು ಅದನ್ನು ಪುಡಿಮಾಡಿ, ಸಾವಿರ ಡಿಗ್ರಿಯವರೆಗೆ ಕಾಯಿಸಿ, ಆಮ್ಲದಲ್ಲಿ ಬೇಯಿಸಬೇಕಾಗುತ್ತದೆ. ನೀರೂ ಬೇಕು, ಉಳಿದ ಹಿಟ್ಟನ್ನು ಸುರಿಯಲು ನೆಲವೂ ಬೇಕು. ಕಾವೇರಿಯ ಬಯಲಿನ ಭತ್ತ, ಕಬ್ಬುಗಳ ನಾಡಿನಲ್ಲಿ ಆ ನೀರು ಎಲ್ಲಿಂದ, ಆ ಹಿಟ್ಟು ಎಲ್ಲಿಗೆ ಎಂಬ ಪ್ರಶ್ನೆಗಳನ್ನು ಊರವರು ಗ್ರಾಮಸಭೆಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.